ಅಣ್ಣನಿಂದ ತಮ್ಮನಿಗೆ

ಮಾರ್ಚ್ ೪, ಮಂಗಳವಾರ

ಪ್ರೀತಿಯ ತಿರುಪು,

ಈ ಪತ್ರದ ಮೂಲಕ ಸಮಸ್ತ ನಾಗರಿಕರಿಗೆ, ವಿಶೇಷವಾಗಿ ನಿನಗೆ, ತಿಳಿಯಪಡಿಸುವುದೇನೆಂದರೆ: ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಅಪ್ಪನ ಕಂಪ್ಯೂಟರಿನ ನೆತ್ತಿಯ ಮೇಲೆ ಹನ್ನೊಂದು ವರ್ಷಗಳಿಂದ ಅಧಿಕಾರದಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಮೊನ್ನೆ ಭಾನುವಾರ ಬೆಳಿಗ್ಗೆ ಹತ್ತೂ ಕಾಲಿಗೆ ಕೆಳಗಿಳಿಸಲಾಗಿದೆ. ಸಮಾರಂಭಕ್ಕೆ ನಾನು, ನಿನ್ನ ಅತ್ತಿಗೆ ಮತ್ತು ಒಬ್ಬ ಹಲ್ಲಿನ ಡಾಕ್ಟರು ಹಾಜರಿದ್ದೆವು. ಭಾಷಣಗಳಿರಲಿಲ್ಲ. ಪೆಟ್ಟಿಗೆ ಕೂತಿದ್ದ ಜಾಗದಲ್ಲಿ ಅದರದೇ ಆಕಾರದ ಕಂದು ಕಲೆಯೊಂದು ಉಳಿದಿದೆ. ಅಧಿಕಾರದಿಂದ ಇಳಿದವರೆಲ್ಲ ಬಿಟ್ಟುಹೋಗುವುದು ಅಷ್ಟನ್ನೇ.

ನಾವು ಕ್ಷೇಮ. ಪತ್ರ ತಡವಾದದ್ದಕ್ಕೆ ಕ್ಷಮೆಯಿರಲಿ. ಬರೆಯೋಣವೆಂದುಕೊಂಡಾಗ ಪೆನ್ನು ಸಿಗಲಿಲ್ಲ. ಪೆನ್ನು ಸಿಕ್ಕಾಗ ವಾರದ ಅಂಕಣ ಬರೆಯುವುದಿತ್ತು. ಅಂಕಣ ಮುಗಿಸಿದಾಗ ನಿನ್ನ ವಿಳಾಸ ಇರಲಿಲ್ಲ. ಹೀಗೆ ಹನ್ನೊಂದು ವರ್ಷ ಸರಿದವು. ವಿಳಾಸ ನಿನ್ನ ಅತ್ತಿಗೆಯ ಹತ್ತಿರ ಮೊದಲ ದಿನದಿಂದಲೂ ಇತ್ತೆಂದು ನಿನ್ನೆ ಗೊತ್ತಾಯಿತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ನೀವು ಕೇಳ್ಲಿಲ್ಲ” ಎಂದಳು. ಮೂವತ್ತು ವರ್ಷ ಜೊತೆಗಿದ್ದವಳು ಕೊಡುವ ಉತ್ತರ ಇದು.

ಹಲ್ಲಿನ ಡಾಕ್ಟರು ಯಾಕೆ ಬಂದರು ಎನ್ನುತ್ತೀಯ. ನನ್ನ ಎಡದ ದವಡೆಹಲ್ಲು ಹುಳುಕಾಗಿ, ಅವರ ಕುರ್ಚಿಯಲ್ಲಿ ಮಲಗಿದ್ದೆ. ಬಾಯಲ್ಲಿ ಹತ್ತಿ, ಕನ್ನಡಿ, ಅವರ ಎರಡು ಬೆರಳು. ಮಾತನಾಡಲಾಗದವನನ್ನು ಪ್ರಶ್ನೆ ಕೇಳುವುದು ಅವರ ವೃತ್ತಿಯ ಏಕೈಕ ಮನರಂಜನೆ ಇರಬೇಕು.

“ಮನೇಲಿ ಹಳೇ ಕಂಪ್ಯೂಟರ್ ಏನಾದ್ರೂ ಇದೆಯಾ ಸಾರ್?”

“ಆಆ” ಎಂದೆ. ನೋವಿಗೆ.

“ಹೌದಾ! ಯಾವ ಕಾಲದ್ದು?”

“ಆಆಆ.”

“ಅಷ್ಟು ಹಳೇದಾ! ಬಿಸಾಕಬೇಡಿ ಸಾರ್, ಭಾನುವಾರ ನಾನೇ ಬರ್ತೀನಿ.”

ಬಂದೇಬಿಟ್ಟರು. ಕೈಯಲ್ಲಿ ತಿರುಪುಳಿಗಳ ಪೆಟ್ಟಿಗೆ, ಮುಖದಲ್ಲಿ ಭಕ್ತಿ.

ಈ ಮಹನೀಯರದೊಂದು ಬಳಗವಿದೆಯಂತೆ. ಗುಜರಿಗೆ ಹೋಗಿ ಮರ್ಯಾದೆಯಿಂದ ಸಾಯಬೇಕಾದ ಕಂಪ್ಯೂಟರುಗಳನ್ನು ಹಿಡಿದು ತರುವುದು, ಒಳಗಿನ ಹಳೆಯ ಡಿಸ್ಕು ಕೀಳುವುದು, ಆ ಜಾಗಕ್ಕೆ ಉಗುರಿನಷ್ಟಗಲದ ಮೆಮೊರಿ ಕಾರ್ಡು ಕೂರಿಸುವುದು. ಕಾರ್ಡಿಗೂ ಯಂತ್ರಕ್ಕೂ ಪರಿಚಯವಿಲ್ಲ, ಒಂದರ ಭಾಷೆ ಇನ್ನೊಂದಕ್ಕೆ ಬರುವುದಿಲ್ಲ. ಅದಕ್ಕೆ ನಡುವೆ ಅಡಾಪ್ಟರ್ ಎಂಬ ಹಸಿರು ಬಿಲ್ಲೆ. ಮದುವೆ ದಲ್ಲಾಳಿ ಮಾಡುವ ಕೆಲಸವೇ: ಇತ್ತ ಕಡೆಯವರಿಗೆ ಅತ್ತ ಕಡೆಯವರ ಬಗ್ಗೆ, ಅತ್ತ ಕಡೆಯವರಿಗೆ ಇತ್ತ ಕಡೆಯವರ ಬಗ್ಗೆ ಚಂದದ ಸುಳ್ಳು ಹೇಳುವುದು. ‘ನಾನು ನಿನ್ನ ಹಳೆಯ ಡಿಸ್ಕೇ’ ಎಂದು ಯಂತ್ರವನ್ನು ನಂಬಿಸಿದರೆ ಆಯಿತು. ಆ ಮುದಿ ಯಂತ್ರ ಜನ್ಮವಿಡೀ ಬರೆದದ್ದನ್ನೆಲ್ಲ ಕಾರ್ಡಿಗೆ ತುಂಬಿದರೂ ಒಂದು ಮೂಲೆ ತುಂಬುವುದಿಲ್ಲ. ಉಳಿದ ಜಾಗದಲ್ಲಿ ಅದು ಏನು ಮಾಡುತ್ತದೆ? ಬಹುಶಃ ಕೂಗಿ ನೋಡಿ ತನ್ನದೇ ಪ್ರತಿಧ್ವನಿ ಕೇಳಿಕೊಳ್ಳುತ್ತದೆ.

ಇನ್ನೂ ಇದೆ, ಕೇಳು. ಕಾರ್ಡಿಗೆ ಸದ್ದಿಲ್ಲವಲ್ಲ, ಭಕ್ತರಿಗೆ ಅದು ಸಹ್ಯವಾಗಲಿಲ್ಲ. ಹಳೆಯ ಡಿಸ್ಕಿನ ಹಾಗೆ ಕಟಕಟ ಎನ್ನುವ ಪುಟ್ಟ ಸ್ಪೀಕರೊಂದನ್ನು ಒಳಗೆ ಅಂಟಿಸುತ್ತಾರೆ! ಹಲ್ಲೆಲ್ಲ ಕಿತ್ತು ಹೊಸದು ಕಟ್ಟಿಸಿಕೊಂಡು, ಜೊತೆಗೆ ಹಲ್ಲುನೋವಿನ ನರಳಾಟವನ್ನೂ ಬೇರೆಯಾಗಿ ತರಿಸಿಕೊಂಡ ಹಾಗೆ. ಇದನ್ನೇ ಡಾಕ್ಟರಿಗೆ ಹೇಳಿದೆ. “ಕರೆಕ್ಟ್ ಸಾರ್! ನೋವಿಲ್ದೇ ಹಲ್ಲು ಇದೆ ಅಂತ ಗೊತ್ತಾಗೋದು ಹೇಗೆ?” ಎಂದು ಸಂತೋಷಪಟ್ಟರು. ಇಂಥವರನ್ನು ಅವಮಾನಿಸಲೂ ಆಗುವುದಿಲ್ಲ.

ಅಪ್ಪನ ಯಂತ್ರದ ಮುಂದೆ ನಿಂತು ಅವರು “ಇದರಲ್ಲಿ ಏನಿತ್ತು ಸಾರ್?” ಎಂದು ಕೇಳಿದರು. ಸುಮ್ಮನಿರಬಹುದಿತ್ತು. ನಿನ್ನ ಅತ್ತಿಗೆ ಸುಮ್ಮನಿರಲಿಲ್ಲ.

“ನಮ್ಮ ಮಾವನವರ ಮಾತು” ಎಂದಳು.

ಮತ್ತೆ ಎಲ್ಲ ಹೇಳಬೇಕಾಯಿತು. ಕಚೇರಿಯ ಎದುರು ಜಗಲಿಯಲ್ಲಿ ಕೂತು ಊರವರ ಅರ್ಜಿಗಳನ್ನು ಟೈಪು ಮಾಡುತ್ತಿದ್ದ ಅಪ್ಪ. ಗಂಟಲಿನ ಆಪರೇಷನ್ನಾಗಿ ದನಿ ಹೋದದ್ದು. ಕೊನೆಯ ಎರಡು ವರ್ಷ ಆಡಿದ ಮಾತನ್ನೆಲ್ಲ ಈ ಯಂತ್ರದಲ್ಲಿ ಟೈಪು ಮಾಡಿಯೇ ಆಡಿದ್ದು. ಅವರ ಬೆರಳಿಗೆ ಹಳೆಯ ಟೈಪ್‌ರೈಟರಿನ ಕೀಲಿಗಳ ಜಾಗ ಬಿಟ್ಟು ಬೇರೆ ಗೊತ್ತಿಲ್ಲವೆಂದು ನೀನು ಒಂದು ತಿಂಗಳು ಕೂತು ಯಂತ್ರದೊಳಗೆ ಅಕ್ಷರಗಳನ್ನೆಲ್ಲ ಜಾಗ ಬದಲಿಸಿ ಕೊಟ್ಟದ್ದು. ಅರ್ಜಿಯ ಶೈಲಿ ಬಿಡಲಾಗದೆ ಅವರು ‘ವಿಷಯ: ಫ್ಯಾನು. ಕಡಿಮೆ ಮಾಡುವುದು’ ಎನ್ನುತ್ತಿದ್ದದ್ದು. ‘ವಿಷಯ: ಟೀ. ತಣ್ಣಗಿದೆ. ಈ ಬಗ್ಗೆ ಹಿಂದೆಯೂ ಗಮನಕ್ಕೆ ತರಲಾಗಿತ್ತು.’ ಹೇಳಿದ್ದನ್ನೆಲ್ಲ ತಾರೀಖು ಹಾಕಿ ಉಳಿಸುತ್ತಿದ್ದರು. ಟೈಪು ಮಾಡಿದ್ದರ ನಕಲು ಇಟ್ಟುಕೊಳ್ಳದವನು ಅವರ ಲೆಕ್ಕದಲ್ಲಿ ಮನುಷ್ಯನೇ ಅಲ್ಲ.

ನನ್ನ ಅಂಕಣದ ಬಗ್ಗೆ ಅವರ ವಿಮರ್ಶೆ ನಿನಗೆ ನೆನಪಿರಬೇಕು: ‘ಓದಿದೆ. ಕಾಗುಣಿತ ಸರಿ ಇದೆ.’

ಆಮೇಲೆ ನಡೆದದ್ದನ್ನೂ ಡಾಕ್ಟರಿಗೆ ಹೇಳಿದೆ. ಅಪ್ಪ ಹೋದ ಮುಂದಿನ ತಿಂಗಳು ನೀನೂ ಹೀಗೇ ಒಂದು ಅಡಾಪ್ಟರ್ ತಂದೆ, ಒಂದು ಕಾರ್ಡು ಕೂರಿಸಿದೆ, ಅಪ್ಪನ ಮಾತನ್ನು ಡಿಸ್ಕಿನಿಂದ ಕಾರ್ಡಿಗೆ ಇಳಿಸುತ್ತೇನೆ ಎಂದೆ. ಎಲ್ಲ ಜೋಡಿಸಿ, ಯಾವುದೋ ತಿರುಪು ಸಾಲದೆಂದು ಅಂಗಡಿಗೆ ಹೋದೆ. ಬಂದು ನೋಡಿದರೆ ಡಿಸ್ಕಿನಲ್ಲಿ ಅಪ್ಪ ಇರಲಿಲ್ಲ. “ನಾನು ಏನೂ ಒತ್ತಿಲ್ಲ ಅಣ್ಣ” ಎಂದೆ ನೀನು. “ಮತ್ತೆ ಅಪ್ಪ ಬಂದು ಒತ್ತಿದ್ರಾ?” ಎಂದೆ ನಾನು. ಆ ಮಾತು ನನಗೇ ಇಷ್ಟವಾಗಿ ಮುಂದಿನ ವಾರದ ಅಂಕಣಕ್ಕೆ ಹಾಕಿದೆ. ‘ಅಪ್ಪನ ಬಾಯಿ ಮುಚ್ಚಿಸಿದ ತಿರುಪು ಪಂಡಿತ’. ಊರೆಲ್ಲ ನಕ್ಕಿತು. ನೀನು ಹೊರಟುಹೋದೆ.

ಇರಲಿ. ಹಳೆಯದನ್ನು ಕೆದಕುವ ಜಾಯಮಾನ ನನ್ನದಲ್ಲ. ನಿನ್ನನ್ನು ನಾನು ಕ್ಷಮಿಸಿದ್ದೇನೆ ಎಂದು ತಿಳಿಸುವುದಕ್ಕೇ ಈ ಪತ್ರ.

ಒಳ್ಳೆಯದಾಗಲಿ.

ನಿನ್ನ
ಅಣ್ಣ

ಮರೆತೆ: ಡಾಕ್ಟರು ಯಂತ್ರವನ್ನು ಪರೀಕ್ಷಿಸುತ್ತಾರಂತೆ. ನಾನು ಬೇಡವೆನ್ನುವ ಮೊದಲೇ ನಿನ್ನ ಅತ್ತಿಗೆ “ಬಿಚ್ಚಿ ಡಾಕ್ಟ್ರೇ, ಇಸ್ತ್ರಿಗೆ ಬೇರೆ ಮೇಜು ಬಂದಿದೆ” ಎಂದಳು. ಖಾಲಿ ಡಿಸ್ಕು. ನೋಡಿಕೊಳ್ಳಲಿ.


ಮಾರ್ಚ್ ೧೭, ಸೋಮವಾರ

ಪ್ರೀತಿಯ ತಿರುಪು,

ನಿನ್ನ ಉತ್ತರ ಬಂದಿಲ್ಲ. ಹದಿಮೂರು ದಿನವಾಯಿತು. ಆಕ್ಷೇಪವಲ್ಲ, ಹನ್ನೊಂದು ವರ್ಷ ತೆಗೆದುಕೊಂಡವನು ಆಕ್ಷೇಪಿಸಬಾರದು. ಆದರೆ ನಿನ್ನ ಅತ್ತಿಗೆಗೆ ಅಂಚೆ ಕಾರ್ಡು ಬಂದಿದೆ. ಎರಡೇ ಸಾಲು: ‘ಡಾಕ್ಟರಿಗೆ ಹೇಳಿ ಅತ್ತಿಗೆ, ಡಿಸ್ಕನ್ನು ಪದೇ ಪದೇ ಆನ್ ಮಾಡಬೇಡಿ. ಬಿಸಿಯಾಗದಂತೆ ನೋಡಿಕೊಳ್ಳಲಿ.’ ಅವಳು ಅದನ್ನು ಓದಿ ಹೇಳಿದಳು, ಕೈಗೆ ಕೊಡಲಿಲ್ಲ. ನನ್ನ ಕ್ಷಮಾಪತ್ರ ತಲುಪಿದೆ ಎಂದಾಯಿತು. ಸಂತೋಷ.

ನಿನ್ನೆ ಡಾಕ್ಟರು ಬಂದಿದ್ದರು. ಯಂತ್ರದ ಮುಚ್ಚಳ ತೆಗೆದು, ಹಣೆಗೆ ದೀಪ ಕಟ್ಟಿಕೊಂಡು ಬಗ್ಗಿದರು. ಅಭ್ಯಾಸಬಲದಿಂದ ಯಂತ್ರಕ್ಕೆ “ಸ್ವಲ್ಪ ದೊಡ್ಡದಾಗಿ ತೆಗೀರಿ” ಎಂದರೆಂದು ನನಗೆ ಅನುಮಾನ. ಇಷ್ಟು ಧೂಳು ಯಾವ ಬಾಯಲ್ಲೂ ನೋಡಿಲ್ಲ ಎಂದರು. ಆಮೇಲೆ ಇದ್ದಕ್ಕಿದ್ದಂತೆ ಗಂಭೀರವಾದರು.

“ಸಾರ್, ಇಲ್ಲಿ ಚೀಟಿ ಅಂಟಿಸಿದ್ದಾರೆ. ಅಣ್ಣ, ತಮ್ಮ ಅಂತ. ಯಾರು ಇವ್ರು?”

ನಿನ್ನ ಅಕ್ಷರ. ಬಲಕ್ಕೆ ವಾಲಿದ ಆ ಸುಂದರ, ದುರಹಂಕಾರದ ಅಕ್ಷರ.

ಹೇಳಿದೆ. ಆ ಕಾಲದ ಯಂತ್ರಗಳಲ್ಲಿ ಒಂದೇ ತಂತಿಪಟ್ಟಿಗೆ ಎರಡು ಡಿಸ್ಕು ಕಟ್ಟಿದರೆ ಒಂದಕ್ಕೆ ಯಜಮಾನನ ಪಟ್ಟ, ಇನ್ನೊಂದಕ್ಕೆ ಆಳಿನ ಪಟ್ಟ ಕಟ್ಟಬೇಕಿತ್ತಲ್ಲ. ಒಂದು ಸಲ ನೀನು ಅಪ್ಪನಿಗೆ ಅದನ್ನು ವಿವರಿಸುತ್ತಿದ್ದಾಗ ಅವರು ಕನ್ನಡಕ ಏರಿಸಿಕೊಂಡು ಟೈಪು ಮಾಡಿದ್ದರು: ‘ವಿಷಯ: ಆಳು. ಈ ಮನೆಯಲ್ಲಿ ಆಳು ಎಂಬುದು ಇರತಕ್ಕದ್ದಲ್ಲ. ಅಣ್ಣ, ತಮ್ಮ ಎನ್ನುವುದು.’ ಅಂದಿನಿಂದ ನಮ್ಮ ಮನೆಯಲ್ಲಿ ಮೊದಲ ಡಿಸ್ಕು ಅಣ್ಣ, ಎರಡನೆಯದು ತಮ್ಮ.

ಡಾಕ್ಟರು ಯಂತ್ರ ಆನ್ ಮಾಡಿದರು. ನಿನ್ನ ಕಾರ್ಡು ಇನ್ನೂ ಅಡಾಪ್ಟರಿನಲ್ಲಿ ಕೂತಿದೆ. ಹನ್ನೊಂದು ವರ್ಷದ ಧೂಳು, ಇಸ್ತ್ರಿಪೆಟ್ಟಿಗೆಯ ಭಾರ, ಬಿಸಿ ಎಲ್ಲ ತಿಂದುಕೊಂಡು ಅದು ಏಳು ಸೆಕೆಂಡಿನಲ್ಲಿ ಎದ್ದು ನಿಂತಿತು. ನಾಚಿಕೆಯಿಲ್ಲದ ವಸ್ತು. ಪರದೆಯ ಮೇಲೆ ಎರಡು ಸಾಲು:

೧. ಅಣ್ಣನಿಂದ ತಮ್ಮನಿಗೆ
೨. ತಮ್ಮನಿಂದ ಅಣ್ಣನಿಗೆ

ಕೆಳಗೆ ಮಿನುಗುವ ಗೆರೆ. ಯಾವುದೋ ಒಂದನ್ನು ಒತ್ತು ಎಂದು ಕಾಯುತ್ತಿತ್ತು. ನಾನು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡೆ.

“ಬುದ್ಧಿವಂತರು ಸಾರ್ ನಿಮ್ಮ ತಮ್ಮ!” ಎಂದರು ಡಾಕ್ಟರು. “ಮುಂದೆ ಯಂತ್ರ ಕಾರ್ಡಿಂದಾನೇ ಏಳಬೇಕು ಅಂತ, ಕಾರ್ಡನ್ನ ಅಣ್ಣನ ಜಾಗದಲ್ಲಿ ಕೂರಿಸಿದ್ದಾರೆ. ಹಳೇ ಡಿಸ್ಕನ್ನ ತಮ್ಮನ ಜಾಗಕ್ಕೆ ಹಾಕಿದ್ದಾರೆ. ಅಂದ್ರೆ ಎರಡನ್ನ ಒತ್ತಬೇಕಿತ್ತು. ತಮ್ಮನಿಂದ ಅಣ್ಣನಿಗೆ.”

“ಹೂಂ” ಎಂದೆ.

“ಯಾರೋ ಒಂದನ್ನ ಒತ್ತಿದ್ದಾರೆ. ಖಾಲಿ ಕಾರ್ಡಲ್ಲಿದ್ದದ್ದು ಹೋಗಿ ತುಂಬಿದ ಡಿಸ್ಕಿನ ಮೇಲೆ ಕೂತಿದೆ. ಕೆಟ್ಟ ಹಲ್ಲು ಬಿಟ್ಟು ಪಕ್ಕದ ಒಳ್ಳೇ ಹಲ್ಲು ಕಿತ್ತ ಹಾಗೆ.”

“ನೀವು ಎಷ್ಟು ಕಿತ್ತಿದ್ದೀರಿ ಹಾಗೆ?”

“ಒಂದೇ ಸಾರ್” ಎಂದರು ಅವರು, ತುಂಬ ಪ್ರಾಮಾಣಿಕವಾಗಿ. “ಅವತ್ತೇ ಅವರ ಮನೆಗೆ ಹೋಗಿ ಹೇಳಿ ಬಂದೆ. ಈಗ್ಲೂ ನನ್ನ ಹತ್ರಾನೇ ಬರ್ತಾರೆ.” ಆಮೇಲೆ ಚೀಟಿಗಳನ್ನು ಇನ್ನೊಮ್ಮೆ ನೋಡಿ, “ಆದ್ರೆ ಇಷ್ಟು ನೀಟಾಗಿ ಚೀಟಿ ಅಂಟಿಸಿದೋರು ಇಂಥ ತಪ್ಪು ಮಾಡ್ತಾರಾ?” ಎಂದರು.

“ಮನುಷ್ಯ ಅಂದ್ಮೇಲೆ ಮಾಡ್ತಾನೆ” ಎಂದೆ.

ನಿನ್ನ ಅತ್ತಿಗೆ ಟೀ ಲೋಟಗಳನ್ನು ಮೇಜಿನ ಮೇಲೆ ಇಟ್ಟಳು. ಇಡುವುದರಲ್ಲಿ ಹಲವು ವಿಧಗಳಿವೆ.

ಇನ್ನು ಮುಖ್ಯ ವಿಷಯ. ಡಾಕ್ಟರ ಪ್ರಕಾರ ನಿನ್ನ ಕಾರ್ಡು ಚಿಕ್ಕದು, ಅಪ್ಪನ ಡಿಸ್ಕು ದೊಡ್ಡದು. ಕಾರ್ಡಿನ ಖಾಲಿತನ ಎಷ್ಟಿತ್ತೋ ಅಷ್ಟು ಮಾತ್ರ ಡಿಸ್ಕಿನ ಮೇಲೆ ಬಳಿದುಕೊಂಡಿದೆ. ಅದರಾಚೆ, ಡಿಸ್ಕಿನ ಬಾಲದ ಕಡೆ, ಏನಾದರೂ ಉಳಿದಿರಬಹುದು. ಅಂದೇ ಬಿಚ್ಚಿ ನೋಡಿದ್ದರೆ ಆಗಲೇ ಗೊತ್ತಾಗುತ್ತಿತ್ತಂತೆ. “ಯಾಕೆ ಸಾರ್ ನೋಡ್ಲಿಲ್ಲ?” ಎಂದರು.

ಅಂದು ನೀನು ಬಾಗಿಲಲ್ಲಿ ನಿಂತು “ಇನ್ನೊಂದ್ಸಲ ಬಿಚ್ಚಿ ನೋಡ್ತೀನಿ ಅಣ್ಣ, ಒಂದೇ ಸಲ” ಎಂದಿದ್ದೆ. ಇಸ್ತ್ರಿಪೆಟ್ಟಿಗೆ ಯಂತ್ರದ ಮೇಲೆ ಹತ್ತಿದ್ದು ಆಗಲೇ. ನಾನೇ ಹತ್ತಿಸಿದ್ದು. ಇದನ್ನು ಡಾಕ್ಟರಿಗೆ ಹೇಳಲಿಲ್ಲ. ಹಲ್ಲಿನವರಿಗೆ ಎಲ್ಲವನ್ನೂ ಹೇಳುವ ಅಗತ್ಯವಿಲ್ಲ.

ಡಿಸ್ಕನ್ನು ಅವರು ಒಯ್ದಿದ್ದಾರೆ. ಮೂರು ಅಡಾಪ್ಟರುಗಳನ್ನು ಒಂದಕ್ಕೊಂದು ಕಚ್ಚಿಸಿ ತಮ್ಮ ಹೊಸ ಕಂಪ್ಯೂಟರಿಗೆ ಕಟ್ಟಿ, ಉಳಿದದ್ದನ್ನು ಹೀರಿ ತೆಗೆಯುತ್ತಾರಂತೆ. ಡಿಸ್ಕು ಬಹಳ ಸೊರಗಿದೆ, ಒಂದೋ ಎರಡೋ ಸಲ ತಿರುಗಬಹುದು, ಆಮೇಲೆ ಇಲ್ಲ ಎಂದರು. ದಲ್ಲಾಳಿಯ ಮೇಲೆ ದಲ್ಲಾಳಿ, ಅವನ ಮೇಲೊಬ್ಬ ದಲ್ಲಾಳಿ. ಇಂಥ ಸಂಬಂಧದಿಂದ ಏನು ಹುಟ್ಟುತ್ತದೋ ನೋಡೋಣ. ನನಗಂತೂ ಯಾವ ನಿರೀಕ್ಷೆಯೂ ಇಲ್ಲ.

ಹುಷಾರಾಗಿರು. ಕಣ್ಣಿನ ಹತ್ತಿರ ಹಿಡಿದು ತಿರುಪು ಬಿಚ್ಚುವ ಅಭ್ಯಾಸ ಬಿಟ್ಟಿದ್ದೀಯ ತಾನೆ?

ನಿನ್ನ
ಅಣ್ಣ

ಮರೆತೆ: ಡಿಸ್ಕನ್ನು ತಂಪಾಗಿಡಲು ಹೇಳಿದ್ದೇನೆ. ನೀನು ಹೇಳಿದೆ ಎಂದೇ ಹೇಳಿದ್ದೇನೆ.


ಮಾರ್ಚ್ ೩೧, ಸೋಮವಾರ

ಪ್ರೀತಿಯ ತಮ್ಮ,

ನಿನ್ನ ಆರೋಗ್ಯ ಚೆನ್ನಾಗಿದೆಯೆಂದು ನಿನ್ನ ಅತ್ತಿಗೆಯ ಮೂಲಕ ತಿಳಿಯಿತು. ಅವಳಿಗೆ ಇನ್ನೊಂದು ಕಾರ್ಡು ಬಂದಿದೆಯಲ್ಲ. ಅಂಚೆಯವನು ಈಗ ನನ್ನ ಕಡೆ ನೋಡುವುದೇ ಇಲ್ಲ, ನೇರ ಅವಳ ಕೈಗೇ ಕೊಡುತ್ತಾನೆ.

ಅಪ್ಪನ ಡಿಸ್ಕು ತೀರಿಕೊಂಡಿತು. ಶುಕ್ರವಾರ ಮಧ್ಯಾಹ್ನ, ಡಾಕ್ಟರ ಮನೆಯಲ್ಲಿ. ಕೊನೆಗೆ ಒಂದು ಸಲ ಗಂಟಲು ಸರಿಮಾಡಿಕೊಂಡಂತೆ ಸದ್ದು ಮಾಡಿ ನಿಂತಿತಂತೆ. ಅದು ಹಾಗೆ ನಿಲ್ಲುವ ಮೊದಲು, ಬಾಲದಲ್ಲಿದ್ದದ್ದನ್ನು ಡಾಕ್ಟರು ತೆಗೆದುಕೊಂಡಿದ್ದರು.

ಈ ಮನುಷ್ಯನ ಬಗ್ಗೆ, ಅವರ ಬಳಗದ ಬಗ್ಗೆ, ಸದ್ದು ಮಾಡುವ ಸ್ಪೀಕರಿನ ಬಗ್ಗೆ ನಾನು ಒಂದು ಅಂಕಣ ಬರೆದಿಟ್ಟಿದ್ದೆ. ‘ಮುದಿ ಯಂತ್ರಕ್ಕೆ ಕಟ್ಟಿಸಿದ ಹಲ್ಲು’. ಚೆನ್ನಾಗಿ ಬಂದಿತ್ತು. ಅದನ್ನು ಕಳಿಸಲಿಲ್ಲ. ಸಂಪಾದಕರು ಫೋನು ಮಾಡಿ “ಈ ವಾರ ಯಾರನ್ನ ಬೈದಿದ್ದೀರಿ?” ಎಂದು ಕೇಳಿದರು. ಯಾರನ್ನೂ ಇಲ್ಲ ಎಂದೆ. “ಹುಷಾರಿಲ್ವಾ?” ಎಂದರು.

ನಿನ್ನೆ ಡಾಕ್ಟರು ಹಾಳೆಗಳ ಕಟ್ಟು ಹಿಡಿದುಕೊಂಡು ಬಂದರು. ನೂರಾರು ಸಾಲು. ತಾರೀಖುಗಳೆಲ್ಲ ಹೋಗಿವೆ. ಒಂದೂ ಓದಲು ಬರುವುದಿಲ್ಲ! ಅಪ್ಪನ ಬೆರಳಿಗಾಗಿ ನೀನು ಅಕ್ಷರಗಳ ಜಾಗ ಬದಲಿಸಿದ್ದೆಯಲ್ಲ, ಆ ಲೆಕ್ಕ ಡಿಸ್ಕಿನ ಮುಂಭಾಗದಲ್ಲಿತ್ತು, ಅಳಿಸಿಹೋಗಿದೆ. ಉಳಿದಿರುವುದು ಬರಿಯ ಚಿಹ್ನೆಗಳು: ಚುಕ್ಕೆ, ಗೆರೆ, ಬಾಲವಿರುವ ಅಕ್ಷರ, ಕೊಂಬಿರುವ ಅಕ್ಷರ. ಅಪ್ಪ ಮಾತಾಡುತ್ತಿದ್ದಾರೆ, ನಮಗೆ ಅರ್ಥವಾಗುತ್ತಿಲ್ಲ. ಅವರಿದ್ದಾಗಲೂ ನನ್ನ ಮಟ್ಟಿಗೆ ಹಾಗೇ ಇತ್ತು ಎಂದು ನಿನ್ನ ಅತ್ತಿಗೆಯ ಅಭಿಪ್ರಾಯ.

ಆದರೂ ಡಾಕ್ಟರು ಒಂದು ಚಾಣಾಕ್ಷ ಕೆಲಸ ಮಾಡಿದ್ದಾರೆ. ಸಾಲುಗಳ ಮೊದಲ ಪದಗಳನ್ನು ಎಣಿಸಿದ್ದಾರೆ. ಅಪ್ಪ ಯಾರೊಡನೆ ಮಾತಾಡಿದರೂ ಮೊದಲು ಅವರನ್ನು ಕರೆದೇ ‘ವಿಷಯ’ಕ್ಕೆ ಬರುತ್ತಿದ್ದರಲ್ಲ. ವಿಳಾಸವಿಲ್ಲದ ಅರ್ಜಿ ಯಾರ ಮೇಜಿಗೂ ಹೋಗದು ಎಂಬ ಅನುಭವ. ಡಾಕ್ಟರಿಗೆ ಸಿಕ್ಕ ಕರೆಯುವ ಪದಗಳು ಮೂರು. ಒಂದು ಎರಡೇ ಚಿಹ್ನೆಯದು, ಇನ್ನೂರ ಆರು ಸಲ ಇದೆ. ನಿನ್ನ ಅತ್ತಿಗೆ ಹಾಳೆಯ ಮೇಲೆ ಬೆರಳಿಟ್ಟು, “ಇದು ನಾನು. ‘ಕೂಸು’ ಅಂತಿದ್ರು” ಎಂದಳು. ಆಮೇಲೆ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು, ಕನ್ನಡಕ ಸ್ವಚ್ಛವಾಗಿಯೇ ಇತ್ತು.

ಉಳಿದ ಎರಡು ಪದ ಮೂರು ಮೂರು ಚಿಹ್ನೆಯವು. ಅಪ್ಪ ನಮ್ಮನ್ನು ಕರೆಯುತ್ತಿದ್ದದ್ದೂ ಅಣ್ಣ, ತಮ್ಮ ಎಂದೇ ಅಲ್ಲವೆ. ಒಂದಕ್ಷರ, ಇನ್ನೊಂದಕ್ಷರ, ಅದಕ್ಕೊಂದು ಒತ್ತು. ಅ, ಣ, ಕೆಳಗೊಂದು ಒತ್ತು. ತ, ಮ, ಕೆಳಗೊಂದು ಒತ್ತು. ನಮ್ಮಿಬ್ಬರನ್ನೂ ಭಾಷೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿದೆ ನೋಡು. ಯಾವುದು ನೀನು, ಯಾವುದು ನಾನು ಎಂದು ಹಾಳೆ ನೋಡಿ ಹೇಳಲಾಗದು.

“ಇದೊಂದು ನಾನೂರ ಹನ್ನೆರಡು ಸಲ ಇದೆ ಸಾರ್. ಇನ್ನೊಂದು ಒಂಬತ್ತೇ ಸಲ” ಎಂದರು ಡಾಕ್ಟರು. “ದೊಡ್ಡ ಮಗ ಜೊತೆಗೇ ಇದ್ರಿ. ನಾನೂರ ಹನ್ನೆರಡು ನೀವೇ ಇರಬೇಕು ಅಲ್ವಾ?”

ಹೂಂ ಎಂದೆ. ಬಾಯಲ್ಲಿ ಹತ್ತಿ ಇದ್ದವನ ಹಾಗೆ.

ಅವರು ಹೋದ ಮೇಲೆ ನಿನ್ನ ಅತ್ತಿಗೆ ನನ್ನೆದುರು ಕೂತಳು. ಈ ಮನೆಯಲ್ಲಿ ಅವಳು ಎದುರು ಕೂತಳೆಂದರೆ ಅದು ಸಾಮಾನ್ಯ ವಿಷಯವಲ್ಲ.

“ಅವತ್ತು ಅವನು ಅಂಗಡಿಗೆ ಹೋಗಿದ್ದಾಗ ಆ ಯಂತ್ರ ಒಂದ್ಸಲ ಕೀಂಯ್ ಅಂತು. ನಾನು ಅಡುಗೆಮನೇಲಿದ್ದೆ” ಎಂದಳು.

ನಾನು ಹಾಳೆಗಳ ಅಂಚು ಸರಿಮಾಡಿದೆ.

“ಅವನು ಬರೋದಕ್ಕೆ ಇನ್ನೂ ಹತ್ತು ನಿಮಿಷ ಇತ್ತು.”

“ಹನ್ನೊಂದು ವರ್ಷ ಯಾಕೆ ಹೇಳ್ಲಿಲ್ಲ?”

“ನೀವು ಹೇಳ್ತೀರಿ ಅಂತ ಕಾದೆ” ಎಂದಳು. ಎದ್ದು ಹೋಗುತ್ತ, “ಈ ಸಲ ನೀವು ಬರೀತೀರೋ, ಇಲ್ಲಾ ಕಾರ್ಡಲ್ಲಿ ನಾನೇ ಬರೀಲೋ?” ಎಂದಳು.

ಆದ್ದರಿಂದ ಈ ಪತ್ರ. ಇದನ್ನು ಬರೆಯಲು ಕೂತು ಮೂರು ಹಾಳೆ ಹರಿದಿದ್ದೇನೆ. ಮೊದಲ ಹಾಳೆಯಲ್ಲಿ ಬಹಳ ಜೋಕುಗಳಿದ್ದವು. ಎರಡನೆಯದರಲ್ಲಿ ಒಳ್ಳೆಯ ಜೋಕುಗಳಿದ್ದವು. ಮೂರನೆಯದರಲ್ಲಿ ತಪ್ಪೆಲ್ಲ ಯಂತ್ರದ್ದಾಗಿತ್ತು.

ಯಂತ್ರ ಈಗ ಹಿಂದಿನ ಕೋಣೆಯಲ್ಲೇ ಇದೆ. ಡಾಕ್ಟರು ಹೊಸ ಅಡಾಪ್ಟರ್, ಹೊಸ ಕಾರ್ಡು ಹಾಕಿ ಹೋಗಿದ್ದಾರೆ. ನಿನ್ನ ಹಳೆಯ ಕಾರ್ಡನ್ನೂ ಚೀಟಿಗಳನ್ನೂ ಒಂದು ಡಬ್ಬಿಯಲ್ಲಿಟ್ಟಿದ್ದೇನೆ. ಆ ಕಟಕಟ ಸ್ಪೀಕರನ್ನು ನಾನೇ ಕೇಳಿ ಹಾಕಿಸಿಕೊಂಡೆ. ನಗಬೇಡ. ನೀನಾದರೂ ನಗು, ನನ್ನ ಸರದಿ ಮುಗಿದಿದೆ. ಪಕ್ಕದ ಕೋಣೆಯಲ್ಲಿ ಕೂತು ಬರೆಯುವಾಗ ಆ ಸದ್ದು ಗೋಡೆ ದಾಟಿ ಬರುತ್ತದೆ, ಅಪ್ಪ ಏನೋ ಟೈಪು ಮಾಡುತ್ತಿದ್ದಾರೆ ಎನ್ನಿಸುತ್ತದೆ. ಆಗಲೂ ನಾನು ಹೀಗೇ ಈ ಕೋಣೆಯಲ್ಲಿ ಕೂತು ಬರೆಯುತ್ತಿದ್ದೆ. ಎದ್ದು ಹೋಗಿ ಏನು ಬೇಕು ಎಂದು ನೋಡುತ್ತಿದ್ದವನು ನೀನು.

ನಿನಗೆ ಎಲ್ಲ ರೀತಿಯಿಂದಲೂ ಒಳ್ಳೆಯದಾಗಲಿ. ನಿನ್ನ ಕೈ ಮುಟ್ಟಿದ್ದೆಲ್ಲ ಮತ್ತೆ ಓಡಲಿ. ಮೊದಲ ಪತ್ರದಲ್ಲಿ ನಿನ್ನನ್ನು ಕ್ಷಮಿಸಿದ್ದೇನೆಂದು ಬರೆದದ್ದನ್ನು ಈ ಮೂಲಕ ಹಿಂದಕ್ಕೆ ಪಡೆಯಲಾಗಿದೆ.

ನಿನ್ನ
ಅಣ್ಣ

ಮರೆತದ್ದಲ್ಲ, ಕೊನೆಗೆಂದು ಇಟ್ಟುಕೊಂಡದ್ದು: ಒಂದನ್ನು ಒತ್ತಿದವನು ನಾನು. ನೀನು ಅಂಗಡಿಗೆ ಹೋದಾಗ ಪರದೆಯ ಮೇಲೆ ಆ ಎರಡು ಸಾಲು ನಿಂತಿದ್ದವು. ಅಪ್ಪನ ವಿಷಯದಲ್ಲಿ ಎಲ್ಲವನ್ನೂ ನೀನೇ ಮಾಡಿದ್ದೆ, ಇದೊಂದನ್ನಾದರೂ ನಾನು ಮಾಡೋಣ ಎನ್ನಿಸಿತು. ಅಣ್ಣ ಎಂದರೆ ಹಳೆಯ ಡಿಸ್ಕು ಎಂದುಕೊಂಡೆ. ಕೊಡುವವನು ಅಣ್ಣ, ಪಡೆಯುವವನು ತಮ್ಮ, ಇದರಲ್ಲಿ ಕೇಳುವುದೇನಿದೆ ಎಂದು ಒತ್ತಿಬಿಟ್ಟೆ. ತಮ್ಮನಿಂದ ಅಣ್ಣನಿಗೆ ಏನಾದರೂ ಬರಬೇಕಾದೀತು ಎಂಬುದು ತಲೆಗೆ ಹೊಳೆಯಲೇ ಇಲ್ಲ. ನೀನು ಬಾಗಿಲಿಗೆ ಬರುವ ಹೊತ್ತಿಗೆ ನನಗೆ ಗೊತ್ತಾಗಿತ್ತು. ಜೋಕು ಮಾಡಿದ್ದು ಗೊತ್ತಾದ ಮೇಲೆ.

ಈಗ ಒಂದು ಸಣ್ಣ ಉಪಕಾರ. ಆ ಎರಡು ಪದಗಳನ್ನು ಚಿಹ್ನೆ ಇದ್ದ ಹಾಗೇ ನಕಲು ಮಾಡಿ, ಬೇರೆ ಚೀಟಿಯಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ಮೇಲಿನದು ನಾನೂರ ಹನ್ನೆರಡು, ಕೆಳಗಿನದು ಒಂಬತ್ತು. ನೀನು ಮಾಡಿದ ಅಕ್ಷರಗಳು, ನೋಡಿದೊಡನೆ ಗುರುತು ಹಿಡಿಯುತ್ತೀಯ. ಯಾವುದು ಅಣ್ಣ, ಯಾವುದು ತಮ್ಮ ಎಂದು ಪಕ್ಕದಲ್ಲಿ ಬರೆದು ಅದೇ ಚೀಟಿಯನ್ನು ವಾಪಸು ಕಳಿಸು. ನನಗೆ ಬೇಜಾರಾದೀತೆಂದು ಅದಲು ಬದಲು ಮಾಡಬೇಡ. ಕೆಳಗಿನದು ಯಾರೆಂದು ನನಗೆ ಗೊತ್ತು. ಆ ಒಂಬತ್ತು ಸಾಲುಗಳನ್ನು ಬೇರೆಯಾಗಿ ತೆಗೆದಿಟ್ಟಿದ್ದೇನೆ, ನೀನು ಬಂದಾಗ ಓದಿ ಹೇಳುವೆಯಂತೆ. ಲಕೋಟೆಗೆ ಅಂಚೆಚೀಟಿ ಅಂಟಿಸಿ ಇದರ ಜೊತೆಗೇ ಇಟ್ಟಿದ್ದೇನೆ, ವಿಳಾಸ ಮಾತ್ರ ಬರೆದಿಲ್ಲ. ಅದನ್ನು ನೀನು ಬರೆಯಬೇಕು. ಈ ಸಲ ನಿನ್ನ ಅತ್ತಿಗೆಯ ಹೆಸರಿಗೆ ಬೇಡ.